ಹೊಲದಲ್ಲಿ ಸಿಕ್ಕ ಸವೆದ ಬೆಳ್ಳಿ ನಾಣ್ಯಗಳು: ಯಾವ ಕಾಲದವು, ಮುಂದೇನು ಮಾಡಬೇಕು?

ತಾವರೆಕೆರೆ ಹೊಲ

ಎಲ್ಲರಿಗೂ ನಮಸ್ಕಾರ. ನಾನಿರುವುದು ವಿಜಯನಗರದಲ್ಲಿ. ತಾವರೆಕೆರೆ ಕಡೆ ಅಜ್ಜಿಯ ಕಾಲದಿಂದ ಬಂದ ಒಂದಿಷ್ಟು ಜಮೀನಿದೆ. ರಜೆ ಸಿಕ್ಕಾಗ ಅಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಓಡಾಡುವುದು ನನ್ನ ಹವ್ಯಾಸ. ಸಾಮಾನ್ಯವಾಗಿ ಸಿಗುವುದು ಎತ್ತಿನ ಲಾಳ, ಮೊಳೆ, ಗುಟ್ಕಾ ಚೀಟಿ. ಈ ಸಲ ಉಳುಮೆ ಆದ ಮೇಲೆ ಹಳೇ ಬಾವಿಯಿಂದ ಮಾಗಡಿ ರಸ್ತೆ ಕಡೆ ಹೋಗುವ ಕಾಲುದಾರಿಯ ಪಕ್ಕ ಮೂರು ಬೆಳ್ಳಿ ನಾಣ್ಯ ಸಿಕ್ಕಿವೆ. ಮೂರೂ ಒಂದೇ ಗುಂಡಿಯಲ್ಲಿ ಅಲ್ಲ. ಒಂದಕ್ಕೂ ಇನ್ನೊಂದಕ್ಕೂ ಸುಮಾರು ದೂರವಿತ್ತು.

ಮೊದಲನೆಯದು ದೊಡ್ಡದು. ಒಂದು ಕಡೆ ಎಡಕ್ಕೆ ತಿರುಗಿದ ತಲೆಯ ಆಕಾರ ಇದೆ, ಕಣ್ಣು ಮೂಗು ಏನೂ ಇಲ್ಲ. ಇನ್ನೊಂದು ಕಡೆ ಬಳ್ಳಿಯ ನೆರಳು ಇದ್ದ ಹಾಗಿದೆ, ಇಸವಿ ಪೂರ್ತಿ ಅಳಿಸಿದೆ. ಎರಡನೆಯದು ಚಿಕ್ಕದು, ತೆಳ್ಳಗೆ, ಮೇಲ್ಗಡೆ ಒಂದು ತೂತು. ಮೂರನೆಯದು ಚಿಕ್ಕದಾದರೂ ದಪ್ಪ. ಸರಿಯಾದ ದುಂಡು ಅಲ್ಲ, ಅಂಚಿನಲ್ಲಿ ಗೆರೆ ಇಲ್ಲ. ಅದರ ಮೇಲಿರುವುದು ಕನ್ನಡವೂ ಅಲ್ಲ, ಇಂಗ್ಲಿಷೂ ಅಲ್ಲ, ಬಾಗಿದ ಗೆರೆಗಳು ಅಷ್ಟೇ.

ಮಾರುವ ಯೋಚನೆ ಇಲ್ಲ. ಯಾವ ಕಾಲದವು ಅಂತ ತಿಳಿಯಬೇಕು. ಜೊತೆಗೆ, ಕಾನೂನು ಪ್ರಕಾರ ಏನು ಮಾಡಬೇಕು ಅನ್ನುವುದನ್ನೂ ಗೊತ್ತಿದ್ದವರು ಹೇಳಿ. ಮೂರನ್ನೂ ಇನ್ನೂ ತೊಳೆದಿಲ್ಲ.

ಪಾವಲಿ ಪ್ರಿಯ

ತೊಳೆಯದೇ ಇಟ್ಟಿದ್ದೀರಲ್ಲ, ಅದೇ ದೊಡ್ಡ ಕೆಲಸ. ಹಾಗೇ ಇರಲಿ.

ಇಸವಿ ಹೋದ ಬೆಳ್ಳಿ ನಾಣ್ಯಕ್ಕೆ ಮೊದಲ ಸಾಕ್ಷಿ ತೂಕ. ಬ್ರಿಟಿಷ್ ಕಾಲದ ಒಂದು ರೂಪಾಯಿ ಹೊಸದರಲ್ಲಿ 11.66 ಗ್ರಾಂ ಇರುತ್ತಿತ್ತು. ಎಂಟಾಣೆ 5.83, ನಾಲ್ಕಾಣೆ ಅಂದರೆ ಪಾವಲಿ 2.92, ಎರಡಾಣೆ 1.46. ನೂರರಲ್ಲಿ 91.7 ಭಾಗ ಬೆಳ್ಳಿ, ಉಳಿದದ್ದು ತಾಮ್ರ. ಸವೆದದ್ದು ಇದಕ್ಕಿಂತ ಸ್ವಲ್ಪ ಕಡಿಮೆ ತೂಗುತ್ತದೆ. ಆದರೆ ಒಂದು ರೂಪಾಯಿ ಸವೆದು ಎಂಟಾಣೆ ತೂಕಕ್ಕಂತೂ ಇಳಿಯುವುದಿಲ್ಲ.

ಎರಡನೇ ಸಾಕ್ಷಿ ತಲೆ ಯಾವ ಕಡೆ ತಿರುಗಿದೆ ಅನ್ನುವುದು. ಬಲಕ್ಕೆ ತಿರುಗಿ, ಕಿರೀಟ ಇಲ್ಲದಿದ್ದರೆ ನಾಲ್ಕನೇ ವಿಲಿಯಂ ಇಲ್ಲವೇ ಏಳನೇ ಎಡ್ವರ್ಡ್. ವಿಲಿಯಂ ರೂಪಾಯಿಯಲ್ಲಿ 1835 ಅಂತ ಇರುತ್ತದೆ. ಎಡ್ವರ್ಡ್ ರೂಪಾಯಿ 1903ರಿಂದ 1910ರವರೆಗಿನದು, ಗಡ್ಡ ಇದೆ, ನಾಣ್ಯದ ಹಿಂಬದಿಯಲ್ಲಿ ಮೇಲೊಂದು ಕಿರೀಟ. ಎಡಕ್ಕೆ ತಿರುಗಿ ಕಿರೀಟ ಇದ್ದರೆ ವಿಕ್ಟೋರಿಯಾ, ಐದನೇ ಜಾರ್ಜ್ ಅಥವಾ ಆರನೇ ಜಾರ್ಜ್. ಎಡಕ್ಕೆ ತಿರುಗಿದ ಬರಿ ತಲೆಯಾದರೆ 1840ರ ವಿಕ್ಟೋರಿಯಾ, ಕಂಪನಿ ಕಾಲದ್ದು.

ಎಷ್ಟೇ ಸವೆದರೂ ಹೊರಗೆರೆ ಕೊನೆಗೆ ಉಳಿಯುತ್ತದೆ. ವಿಕ್ಟೋರಿಯಾ ಚಿತ್ರದಲ್ಲಿ ಎದೆಯ ತನಕ ಉಡುಪಿದೆ, ಬೆನ್ನಿನ ಮೇಲೆ ಜಡೆ ಇಳಿದಿದೆ. ಜಾರ್ಜ್‌ಗಳಲ್ಲಿ ಹಿಂದೆ ಕತ್ತಿನ ಗೆರೆ ನೇರ. ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ನಾಣ್ಯದ ಪಕ್ಕಕ್ಕೆ, ಮೇಜಿಗೆ ತಾಗುವಷ್ಟು ಕೆಳಗೆ ಹಿಡಿದು ನಿಧಾನವಾಗಿ ಸುತ್ತ ತಿರುಗಿಸಿ. ನೇರ ಬೆಳಕಿನಲ್ಲಿ ಕಾಣದ ಅಕ್ಷರ ಓರೆ ಬೆಳಕಿನಲ್ಲಿ ಎದ್ದು ಬರುತ್ತದೆ. ಪ್ರತಿ ಕೋನದಲ್ಲೂ ಒಂದು ಫೋಟೊ ತೆಗೆದು ಹಾಕಿ.

ಚಿಕ್ಕಪೇಟೆ ಮನೆಮಗಳು

ತೂತಿನ ನಾಣ್ಯದ ಬಗ್ಗೆ ಎರಡು ಮಾತು. ನಮ್ಮ ಮನೆಯವರು ತಲೆಮಾರುಗಳಿಂದ ಬೆಳ್ಳಿ ವ್ಯಾಪಾರ ಮಾಡಿದವರು, ಇಂಥವು ತುಂಬಾ ಬರುತ್ತಿದ್ದವು. ತೂತು ತಲೆಯ ಮೇಲ್ಗಡೆ ಸರಿಯಾಗಿ ಮಧ್ಯದಲ್ಲಿದ್ದರೆ ಅದನ್ನು ಯಾರೋ ಮೈಮೇಲೆ ಹಾಕಿಕೊಂಡಿದ್ದರು ಅಂತ ಅರ್ಥ. ಮಗುವಿನ ಕೊರಳ ಕರಿದಾರಕ್ಕೋ ಉಡಿದಾರಕ್ಕೋ ಎರಡಾಣೆಯನ್ನೇ ಕಟ್ಟುತ್ತಿದ್ದರು. ಚಿಕ್ಕದು, ಹಗುರ, ಮಗುವಿಗೆ ಭಾರ ಆಗುವುದಿಲ್ಲ.

ತೂತಿನ ಅಂಚು ಮುಟ್ಟಿ ನೋಡಿ. ಮೇಲ್ಗಡೆ ಉದ್ದಕ್ಕೆ ಎಳೆದ ಹಾಗೆ ಸವೆದಿದ್ದರೆ ದಾರದಲ್ಲಿ ವರ್ಷಗಟ್ಟಲೆ ನೇತಾಡಿದೆ. ದುಂಡಗೆ, ಚೂಪಾಗಿ ಇದ್ದರೆ ತೂತು ಮಾಡಿ ಸ್ವಲ್ಪ ದಿನಕ್ಕೇ ಕಳೆದುಹೋಗಿದೆ. ಇನ್ನೊಂದು, ಹಾಕಿಕೊಂಡ ನಾಣ್ಯ ಎರಡೂ ಕಡೆ ಒಂದೇ ಸಮ ಸವೆಯುವುದಿಲ್ಲ. ಮೈಗೆ ತಾಗುವ ಕಡೆ ಜಾಸ್ತಿ ನುಣುಪು. ಯಾವ ಮುಖ ಹೊರಗೆ ಇಟ್ಟುಕೊಂಡಿದ್ದರು ಅನ್ನುವುದೂ ಇದರಿಂದ ತಿಳಿಯುತ್ತದೆ.

ದೊಡ್ಡ ರೂಪಾಯಿಯ ಅಂಚಿನಲ್ಲಿ ಬೆಸುಗೆಯ ಗಂಟು ಇದೆಯಾ ನೋಡಿ. ಇದ್ದರೆ ಕಾಸಿನ ಸರದಿಂದ ಕಿತ್ತದ್ದು. ಮುಖದ ಮೇಲೆ ಚಿಕ್ಕ ಚಿಕ್ಕ ಒತ್ತು ಗುರುತು ಇದ್ದರೆ ಅದು ಚಿನಿವಾರರು, ಅಂದರೆ ಚಿನ್ನ ಬೆಳ್ಳಿ ವ್ಯಾಪಾರದವರು, ಬೆಳ್ಳಿ ಪರೀಕ್ಷಿಸಿ ಹಾಕಿದ ಮುದ್ರೆ. ಸಂಗ್ರಹಕಾರರು ಇವನ್ನೆಲ್ಲ ಕುಂದು ಅನ್ನುತ್ತಾರೆ. ನನಗೆ ಅವೇ ಇಷ್ಟ. ಹೊಸ ನಾಣ್ಯದಲ್ಲಿ ಅಚ್ಚು ಹಾಕಿದ ಟಂಕಸಾಲೆ ಒಂದೇ ಕಾಣುತ್ತದೆ, ಸವೆದ ನಾಣ್ಯದಲ್ಲಿ ಜನ ಕಾಣುತ್ತಾರೆ.

ಅಂದಹಾಗೆ, ಬೆಳ್ಳಿ ಹೌದೋ ಅಲ್ಲವೋ ಅಂತ ಕಲ್ಲಿನ ಮೇಲೆ ಎಸೆದು ನಾದ ಕೇಳುವ ಪದ್ಧತಿ ಇತ್ತು. ಮಣ್ಣಿನಿಂದ ತೆಗೆದದ್ದಕ್ಕೆ ಹಾಗೆ ಮಾಡಬೇಡಿ. ಹಳೇ ಬೆಳ್ಳಿ ಒಳಗೊಳಗೇ ಪೆಡಸಾಗಿರುತ್ತದೆ, ಬಿರುಕು ಬಿಡಬಹುದು.

ಕೆಂಪು ಮಣ್ಣು

ನಾನೂ ಡಿಟೆಕ್ಟರ್ ಹವ್ಯಾಸದವನು, ದೊಡ್ಡಬಳ್ಳಾಪುರ ಕಡೆ ಮಾವನ ಹೊಲದಲ್ಲಿ ಹುಡುಕುತ್ತೇನೆ. ನಮ್ಮ ಕಡೆ ಮಣ್ಣಿನ ಬಗ್ಗೆ ಹೇಳಲೇಬೇಕು. ಬೆಂಗಳೂರು ಸುತ್ತಲಿನ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಮಷೀನ್ ಮಣ್ಣನ್ನೇ ಲೋಹ ಅಂದುಕೊಂಡು ಕೂಗುತ್ತದೆ. ಹಾಗಾಗಿ ಶುರು ಮಾಡುವ ಮೊದಲು ಗ್ರೌಂಡ್ ಬ್ಯಾಲೆನ್ಸ್ ಮಾಡಿ, ಅಂದರೆ ಮಣ್ಣಿಗೆ ಕೂಗದ ಹಾಗೆ ಮಷೀನನ್ನು ಹೊಂದಿಸಿ. ಹೊಲದ ಇನ್ನೊಂದು ಮೂಲೆಗೆ ಹೋದಾಗ ಮತ್ತೆ ಮಾಡಿ. ಸೆನ್ಸಿಟಿವಿಟಿ ಪೂರ್ತಿ ಏರಿಸಿದರೆ ಆಳಕ್ಕೆ ಹೋಗುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಈ ಮಣ್ಣಿನಲ್ಲಿ ಉಲ್ಟಾ ಆಗುತ್ತದೆ. ಸ್ವಲ್ಪ ಇಳಿಸಿದರೆ ಗದ್ದಲ ಕಡಿಮೆಯಾಗಿ ನಿಜವಾದ ಸಿಗ್ನಲ್ ಕೇಳಿಸುತ್ತದೆ.

ಬೆಳ್ಳಿಯಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಅದಕ್ಕೇ ಒಂದು ರೂಪಾಯಿಯಂಥ ದೊಡ್ಡ ಬೆಳ್ಳಿ ನಾಣ್ಯ ಮೀಟರಿನ ಮೇಲ್ತುದಿಯಲ್ಲಿ ತೋರಿಸುತ್ತದೆ, ಎತ್ತರದ ಸ್ವಚ್ಛ ಸ್ವರ ಬರುತ್ತದೆ. ಗುಟ್ಕಾ ಚೀಟಿಯ ಅಲ್ಯೂಮಿನಿಯಂ ತೆಳು ಹಾಳೆ ಕೆಳಗೆ ತೋರಿಸುತ್ತದೆ. ಕಷ್ಟ ಎರಡಾಣೆಯಂಥ ಚಿಕ್ಕ ನಾಣ್ಯದ್ದು. ಅದು ಮಧ್ಯದಲ್ಲಿ ಎಲ್ಲೋ ಬರುತ್ತದೆ, ಕಸ ಅಂತ ಬಿಟ್ಟುಬಿಡುತ್ತೇವೆ. ಒಂದು ಉಪಾಯ ಹೇಳುತ್ತೇನೆ. ಸಿಗ್ನಲ್ ಬಂದ ಜಾಗವನ್ನು ಒಂದು ಕಡೆಯಿಂದ ನೋಡಿ, ಆಮೇಲೆ ಕಾಲು ಸುತ್ತು ತಿರುಗಿ ಅಡ್ಡಲಾಗಿ ನೋಡಿ. ನಾಣ್ಯ ದುಂಡಗಿರುವುದರಿಂದ ಎರಡೂ ಕಡೆಯಿಂದ ಹೆಚ್ಚುಕಮ್ಮಿ ಒಂದೇ ನಂಬರ್ ಬರುತ್ತದೆ. ಮೊಳೆ, ತಂತಿ, ಮುದುಡಿದ ಚೀಟಿ ಆದರೆ ನಂಬರ್ ಕುಣಿಯುತ್ತದೆ.

ಕರೆಂಟ್ ಲೈನ್ ಕೆಳಗೆ ಸುಮ್ನೆ ಹೊತ್ತು ಕಳೆಯಬೇಡಿ, ಮಷೀನ್ ಕಿರುಚುತ್ತಲೇ ಇರುತ್ತದೆ. ತೆಗೆದ ಗುಂಡಿ ಮುಚ್ಚಿ. ದನಕರು ಓಡಾಡುವ ಜಾಗ, ಕಾಲು ಸಿಕ್ಕಿಕೊಂಡರೆ ಮುರಿಯುತ್ತದೆ.

ಹೊಸ ಕೈ

ಡಿಟೆಕ್ಟರ್ ಈಗ ತಾನೇ ತರಿಸಿದ್ದೇನೆ. ನಮಗೆ ಹೊಲ ಇಲ್ಲ. ಬೆಂಗಳೂರು ಕೋಟೆ ಸುತ್ತಮುತ್ತ, ಕಬ್ಬನ್ ಪಾರ್ಕ್, ಹೂಳೆತ್ತಿದ ಕೆರೆ ಅಂಗಳ, ಊರಾಚೆ ಹಳೇ ದೇವಸ್ಥಾನಗಳ ಹತ್ತಿರ ಹುಡುಕಬಹುದಾ? 1809ರಲ್ಲಿ ಬ್ರಿಟಿಷರ ದಂಡು ಬಂದ ಮೇಲೆ ಹಲಸೂರು ಕಡೆ ಎಷ್ಟು ರೂಪಾಯಿ ಓಡಾಡಿರಬೇಕು ಅಲ್ವಾ?

ಬೇಗೂರು ಕಲ್ಲು

ಬೇಡ. ನೀವು ಹೇಳಿದ ಒಂದು ಜಾಗದಲ್ಲೂ ಬೇಡ.

ಬೆಂಗಳೂರು ಕೋಟೆ, ಟಿಪ್ಪು ಅರಮನೆ, ದೇವನಹಳ್ಳಿ ಕೋಟೆ ಇವೆಲ್ಲ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿವೆ. 1958ರ ಕಾಯಿದೆ ಪ್ರಕಾರ ಅಲ್ಲಿ ಅನುಮತಿ ಇಲ್ಲದೆ ಅಗೆಯುವುದು ಅಪರಾಧ. ರಾಜ್ಯದ ರಕ್ಷಣೆಯಲ್ಲಿರುವ ಸ್ಮಾರಕಗಳಿಗೆ 1961ರ ಕಾಯಿದೆ ಇದೆ. ಪಾರ್ಕು, ಕೆರೆ ಅಂಗಳ ಸರ್ಕಾರದ ಜಾಗ. ಅಲ್ಲಿ ಅಗೆಯೋಕೆ ನಮಗ್ಯಾರಿಗೂ ಹಕ್ಕಿಲ್ಲ.

ದೇವಸ್ಥಾನ, ವೀರಗಲ್ಲು, ಕಲ್ಯಾಣಿ ಇವುಗಳ ಹತ್ತಿರ ಮಷೀನ್ ತೆಗೆದುಕೊಂಡು ಹೋಗುವ ಮಾತೇ ಬೇಡ. ನಿಧಿ ಇದೆ ಅಂತ ನಂಬಿ ವೀರಗಲ್ಲಿನ ಬುಡ ಅಗೆದು ಉರುಳಿಸಿದ್ದು, ಬಸವಣ್ಣನ ಮೂರ್ತಿ ಒಡೆದದ್ದು ನಮ್ಮ ರಾಜ್ಯದ ಎಲ್ಲ ಜಿಲ್ಲೆಯವರೂ ನೋಡಿದ್ದಾರೆ. ಆ ಕಲ್ಲುಗಳ ಕೆಳಗೆ ಏನೂ ಇರುವುದಿಲ್ಲ. ಇರುವುದೆಲ್ಲ ಕಲ್ಲಿನ ಮೇಲೆಯೇ ಇರುತ್ತದೆ. ಬೇಗೂರಿನ ವೀರಗಲ್ಲಿನ ಶಾಸನದಲ್ಲಿ ಬೆಂಗಳೂರಿನ ಕಾಳಗದ ಮಾತು ಇರುವುದರಿಂದಲೇ ಈ ಊರಿನ ಹೆಸರು ಸಾವಿರ ವರ್ಷಕ್ಕಿಂತ ಹಳೆಯದು ಅಂತ ನಮಗೆ ಗೊತ್ತಾಗಿದ್ದು. ಆ ಕಲ್ಲನ್ನು ಯಾರಾದರೂ ನಿಧಿಗಾಗಿ ಚೂರು ಮಾಡಿದ್ದರೆ? ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಹಳ್ಳಿಯವರು ಮಷೀನ್ ಹಿಡಿದವರನ್ನು ಕಂಡರೆ ನಿಧಿಗಳ್ಳರು ಅಂತ ಅನುಮಾನ ಪಡುವುದು ಇದಕ್ಕೇ. ಅದು ಸಹಜ. ಸ್ನೇಹಿತರ ಹೊಲ ಇದ್ದರೆ ಮಾಲೀಕರ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯಿರಿ. ಊರಿನ ಹಿರಿಯರಿಗೂ ಒಂದು ಮಾತು ಹೇಳಿ.

ಹೊಸ ಕೈ

ಅರ್ಥ ಆಯಿತು, ಥ್ಯಾಂಕ್ಸ್. ನೆಲಮಂಗಲದ ಹತ್ತಿರ ಸ್ನೇಹಿತನ ತೋಟ ಇದೆ, ಅವನ ತಂದೆಯನ್ನೇ ಕೇಳುತ್ತೇನೆ.

ಹಲಸೂರು ಹಳಬ

ಸ್ಮಾರಕದ ವಿಷಯದಲ್ಲಿ ಬೇಗೂರಿನವರ ಮಾತು ನೂರಕ್ಕೆ ನೂರು ಒಪ್ಪುತ್ತೇನೆ. ಆದರೆ ಸ್ವಂತ ಹೊಲದಲ್ಲಿ ಒಂದು ರಾಣಿ ರೂಪಾಯಿ, ಅಂದರೆ ವಿಕ್ಟೋರಿಯಾ ರೂಪಾಯಿ, ಸಿಕ್ಕರೂ ಸರ್ಕಾರಕ್ಕೆ ತಿಳಿಸಬೇಕಾ? ಅಂಥದ್ದು ಅವೆನ್ಯೂ ರಸ್ತೆ ಕಡೆ ಅಂಗಡಿಗಳಲ್ಲಿ ಬೇಕಾದಷ್ಟು ಸಿಗುತ್ತದೆ. ಮನೆಮನೆಯಲ್ಲೂ ಲಕ್ಷ್ಮೀಪೂಜೆಗೆ ಇಟ್ಟಿರುತ್ತಾರೆ. ಜಿಲ್ಲಾಧಿಕಾರಿ ಕಚೇರಿಗೆ ಹೋದರೆ ಅಲ್ಲಿರುವವರಿಗೇ ಏನು ಮಾಡಬೇಕು ಅಂತ ತಿಳಿಯಲಿಕ್ಕಿಲ್ಲ.

ಬೇಗೂರು ಕಲ್ಲು

ಪ್ರಶ್ನೆ ನ್ಯಾಯವಾದದ್ದೇ. ಮನೆಯಲ್ಲಿ ತಲೆಮಾರಿನಿಂದ ಬಂದ ರೂಪಾಯಿ ಬೇರೆ, ನೆಲದೊಳಗಿಂದ ತೆಗೆದದ್ದು ಬೇರೆ. 1878ರ ನಿಧಿ ಕಾಯಿದೆಯಲ್ಲಿ ನೆಲದಲ್ಲಿ ಹುದುಗಿರುವ ಬೆಲೆಬಾಳುವ ಯಾವುದೂ ನಿಧಿಯೇ, ಬೆಲೆ 10 ರೂಪಾಯಿ ಮೀರಿದರೆ ತಿಳಿಸಬೇಕು ಅಂತ ಇದೆ. ತಿಳಿಸದಿದ್ದರೆ ಒಂದು ವರ್ಷದವರೆಗೆ ಜೈಲು ಆಗಬಹುದು, ದಂಡವೂ ಬೀಳಬಹುದು. ತಿಳಿಸಿದವರಿಗೆ ಪಾಲೂ ಇದೆ. ವಾರಸುದಾರರು ಯಾರೂ ಇಲ್ಲ ಅಂತ ತೀರ್ಮಾನವಾಗಿ, ಬೇರೆ ಒಪ್ಪಂದ ಇಲ್ಲದಿದ್ದರೆ, ಸಿಕ್ಕವರಿಗೆ ಮುಕ್ಕಾಲು ಪಾಲು, ಜಾಗದವರಿಗೆ ಕಾಲು ಪಾಲು. ನಮ್ಮ ರಾಜ್ಯಕ್ಕೆ 1962ರದ್ದೇ ಪ್ರತ್ಯೇಕ ನಿಧಿ ಕಾಯಿದೆ ಇದೆ. ಮೇಲಾಗಿ ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆ ಪ್ರಕಾರ ಪುರಾತನ ವಸ್ತು. ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ.

ಕಾನೂನು ಪಕ್ಕಕ್ಕಿಡಿ. 1891ರಲ್ಲಿ ಯಶವಂತಪುರದ ಹತ್ತಿರ ರೈಲ್ವೆ ಕೆಲಸಕ್ಕೆ ಮಣ್ಣು ಅಗೆಯುವಾಗ ರೋಮನ್ ಬೆಳ್ಳಿ ನಾಣ್ಯ ಸಿಕ್ಕವು, 163. ಆಗಸ್ಟಸ್, ಟೈಬೀರಿಯಸ್ ಮುಂತಾದ ರೋಮ್ ದೊರೆಗಳವು. ಇಂದು ನಾವು ಟ್ರಾಫಿಕ್ಕಿನಲ್ಲಿ ನಿಲ್ಲುವ ಯಶವಂತಪುರ! ಎರಡು ಸಾವಿರ ವರ್ಷದ ಹಿಂದೆ ಈ ನೆಲಕ್ಕೆ ರೋಮ್‌ನ ಬೆಳ್ಳಿ ಬಂದಿತ್ತು ಅಂತ ನಾವು ಧೈರ್ಯವಾಗಿ ಹೇಳುವುದು, ಅವು ಎಲ್ಲಿ ಸಿಕ್ಕವು ಅಂತ ಆಗ ಯಾರೋ ಬರೆದಿಟ್ಟಿದ್ದರಿಂದ. ಅದೇ ನಾಣ್ಯಗಳನ್ನು ಕೂಲಿಯವರೋ ಗುತ್ತಿಗೆದಾರರೋ ಅಕ್ಕಸಾಲಿಗೆ ಕೊಟ್ಟಿದ್ದರೆ ಕಾಲುಂಗುರ ಆಗಿರುತ್ತಿದ್ದವು.

ಅಂಗಡಿಯ ರಾಣಿ ರೂಪಾಯಿಗೆ ಬೆಲೆ ಇದೆ, ಊರಿಲ್ಲ. ಹೊಲದಲ್ಲಿ ಸಿಕ್ಕಿದ್ದಕ್ಕೆ ಊರು, ದಾರಿ, ಬಾವಿ ಎಲ್ಲ ಇದೆ. ಅದನ್ನು ಬರೆದಿಡದೆ ಜೇಬಿಗೆ ಹಾಕಿಕೊಂಡರೆ ಅದೂ ಅಂಗಡಿ ನಾಣ್ಯವೇ ಆಗಿಬಿಡುತ್ತದೆ. ನನ್ನ ವಾದ ಇಷ್ಟೇ.

ಹಲಸೂರು ಹಳಬ

ಊರು ಬರೆದಿಡುವ ಮಾತು ಒಪ್ಪಿದೆ. ಕಚೇರಿ ಅಲೆದಾಟದ ಬಗ್ಗೆ ನನ್ನ ಅಭಿಪ್ರಾಯ ಹಾಗೇ ಇದೆ. ಜನ ಸುಲಭವಾಗಿ ತಿಳಿಸುವ ಒಂದು ದಾರಿ ಇದ್ದರೆ ಎಷ್ಟೋ ಜನ ತಾವಾಗಿಯೇ ಬರುತ್ತಾರೆ.

ತಾವರೆಕೆರೆ ಹೊಲ

ತೂಕ ಮಾಡಿದೆ. ಮಿಲಿಗ್ರಾಂ ತನಕ ತೋರಿಸುವ ಚಿಕ್ಕ ತಕ್ಕಡಿ ಇದೆ. ದೊಡ್ಡದು 11.3 ಗ್ರಾಂ. ತೂತಿನದು 1.3. ದಪ್ಪದ್ದು 2.7. ಓರೆ ಬೆಳಕಿನಲ್ಲಿ ನೋಡಿದಾಗ ದೊಡ್ಡದರ ತಲೆಯ ಹಿಂದೆ ಜಡೆಯ ಉಬ್ಬು ಚೆನ್ನಾಗಿ ಕಾಣಿಸಿತು. ಬಲ ಅಂಚಿನಲ್ಲಿ ಇಂಗ್ಲಿಷ್ ಅಕ್ಷರಗಳ ತುದಿ ಉಳಿದಿದೆ. ಕೊನೆಯ ಎರಡು ಅಕ್ಷರ ಒಂದೇ ಥರ, ಎರಡೂ ಹಾವಿನ ಹಾಗೆ ಬಾಗಿವೆ. ಬೆಸುಗೆ ಇಲ್ಲ, ಮುದ್ರೆಯೂ ಇಲ್ಲ. ತೂತಿನ ಮೇಲಂಚು ಉದ್ದಕ್ಕೆ ಸವೆದಿದೆ.

ಪಾವಲಿ ಪ್ರಿಯ

ಹಾಗಾದರೆ ಸಿಕ್ಕಿಬಿಟ್ಟಿತು! ವಿಕ್ಟೋರಿಯಾ ರೂಪಾಯಿಯ ಎಡಕ್ಕೆ ರಾಣಿಯ ಹೆಸರು, ಬಲಕ್ಕೆ ಪದವಿ. 1862ರ ಅಚ್ಚಿನಲ್ಲಿ ಬಲಗಡೆ ಕ್ವೀನ್ ಅಂತ ಇರುತ್ತದೆ, ಅದರ ಕೊನೆ ಅಕ್ಷರ ಎನ್. 1877ರಿಂದ ಎಂಪ್ರೆಸ್ ಅಂತ ಬದಲಾಯಿತು, ಕೊನೆಗೆ ಎರಡು ಎಸ್. ನೀವು ಹೇಳಿದ ಬಾಗಿದ ಜೋಡಿ ಅದೇ. ಹಾಗಾಗಿ ನಿಮ್ಮದು 1877ರಿಂದ 1901ರ ಒಳಗಿನದು. ಇಸವಿ ಒಂದೂ ಅಂಕಿ ಉಳಿಯದ ನಾಣ್ಯ ಇಷ್ಟು ಹತ್ತಿರಕ್ಕೆ ಬರುವುದು ಅಪರೂಪ.

ಕ್ವೀನ್ ಆಗಿದ್ದರೆ ಕಷ್ಟ ಬೇರೆಯದೇ ಇತ್ತು. 1862ರ ನಂತರ ಎಷ್ಟೋ ವರ್ಷ ಅಚ್ಚು ಹಾಕಿದ ರೂಪಾಯಿಗಳ ಮೇಲೂ 1862 ಅಂತಲೇ ಇದೆ. ಹಿಂದುಗಡೆಯ ಚುಕ್ಕಿಗಳನ್ನು ಎಣಿಸಿ ವರ್ಷ ಊಹಿಸಬೇಕು. ಸವೆದರೆ ಆ ಚುಕ್ಕಿಗಳೇ ಮೊದಲು ಹೋಗುತ್ತವೆ.

ತಕ್ಕಡಿ ಇರುವುದರಿಂದ ಇನ್ನೊಂದು ಪರೀಕ್ಷೆ ಮಾಡಿ. ಲೋಟದಲ್ಲಿ ನೀರಿಟ್ಟು ತಕ್ಕಡಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವ ಹಾಗೆ, ತಳ ಮುಟ್ಟದ ಹಾಗೆ ಇಳಿಬಿಡಿ. ತಕ್ಕಡಿ ತೋರಿಸುವ ಅಂಕಿಯಿಂದ ನಾಣ್ಯದ ತೂಕವನ್ನು ಭಾಗಿಸಿ. ನಾಣ್ಯದ ಲೋಹ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ಭಾರ ಅಂತ ಗೊತ್ತಾಗುತ್ತದೆ. 10.3ರ ಆಸುಪಾಸು ಬಂದರೆ ಹಳೇ ಬೆಳ್ಳಿ. 9.5 ಬಂದರೆ ಅದು 1940ರ ನಂತರದ ಅರ್ಧ ಬೆಳ್ಳಿ. 8.9 ಬಂದರೆ ಬೆಳ್ಳಿಯೇ ಅಲ್ಲ, ತಾಮ್ರ ನಿಕ್ಕಲ್.

ತಾವರೆಕೆರೆ ಹೊಲ

ದೊಡ್ಡದಕ್ಕೆ ನೀರಿನಲ್ಲಿ 1.10 ತೋರಿಸಿತು. ಭಾಗಿಸಿದರೆ 10.27. ಬಹಳ ಖುಷಿಯಾಯಿತು.

ಜಯನಗರ ಜಾಣೆ

ಅರ್ಧ ಬೆಳ್ಳಿ ಅಂದರೆ ಏನು? ನಮ್ಮ ಅತ್ತೆಯ ಹತ್ತಿರ 1944ರ ರೂಪಾಯಿಗಳಿವೆ. ರಾಣಿ ರೂಪಾಯಿ ಹಾಗೆ ಅವು ಬೆಳ್ಳಗೆ ಹೊಳೆಯುವುದಿಲ್ಲ.

ಪಾವಲಿ ಪ್ರಿಯ

ಯುದ್ಧದ ಕಾಲದಲ್ಲಿ ಬೆಳ್ಳಿ ಸಾಲದೆ 1940ರಿಂದ ರೂಪಾಯಿಯಲ್ಲಿ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. ನೂರಕ್ಕೆ 50 ಬೆಳ್ಳಿ, 40 ತಾಮ್ರ, 5 ನಿಕ್ಕಲ್, 5 ಸತು. ಸವೆದಾಗ ಸ್ವಲ್ಪ ಹಳದಿ ಛಾಯೆ ಬರುತ್ತದೆ. ಆ ವರ್ಷಗಳಲ್ಲೇ ಸರ್ಕಾರ ಹಳೇ ರಾಣಿ ರೂಪಾಯಿಗಳನ್ನು ಚಲಾವಣೆಯಿಂದ ವಾಪಸ್ ತೆಗೆದುಕೊಂಡಿತು. ಜನ ಹಳೇದನ್ನು ಕೊಡದೆ ಪೆಟ್ಟಿಗೆಯಲ್ಲಿ, ಮಡಕೆಯಲ್ಲಿ ಬಚ್ಚಿಟ್ಟರು. 1947ಕ್ಕೆ ಬೆಳ್ಳಿ ಪೂರ್ತಿ ಹೋಗಿ ನಿಕ್ಕಲ್ ರೂಪಾಯಿ ಬಂತು.

ಈಗ ಮೂರನೆಯ ನಾಣ್ಯ. ನನಗೆ ಹೆಚ್ಚು ಕುತೂಹಲ ಇರುವುದು ಇದರ ಮೇಲೆ. 2.7 ಗ್ರಾಂ, ಸುತ್ತಿಗೆಯಲ್ಲಿ ಹೊಡೆದು ಮಾಡಿದ್ದು, ಪಾರ್ಸಿ ಅಕ್ಷರದಂಥ ಗೆರೆ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮೈಸೂರು ಪಾವಲಿ ಇರುವ ಸಾಧ್ಯತೆ ಜಾಸ್ತಿ. ಅವರ ಬೆಳ್ಳಿ ರೂಪಾಯಿಗಳ ಮೇಲೆ ಮೊಗಲ್ ಬಾದಶಹ ಷಾ ಆಲಂ ಹೆಸರು ಪಾರ್ಸಿಯಲ್ಲೇ ಇರುತ್ತಿತ್ತು. ಕನ್ನಡ ಅಕ್ಷರ ಬಂದದ್ದು ತಾಮ್ರದ ಮಯಿಲಿ ಕಾಸಿನ ಮೇಲೆ. ಅವರ ಟಂಕಸಾಲೆಯನ್ನು 1833ರಲ್ಲಿ ಮೈಸೂರಿನಿಂದ ಬೆಂಗಳೂರಿಗೆ ತಂದರು, 1843ರಲ್ಲಿ ಮುಚ್ಚಿದರು. ಟಿಪ್ಪು ಕಾಲದ ಕಾಲು ರೂಪಾಯಿಯೂ ಇದೇ ತೂಕದ ಹತ್ತಿರ ಬರುತ್ತದೆ, ಹಾಗಾಗಿ ಪಾರ್ಸಿ ಓದಬಲ್ಲವರು ಕೈಯಲ್ಲಿ ಹಿಡಿದು ನೋಡಬೇಕು. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ಕೇಳಿ.

ಚಿಕ್ಕಪೇಟೆ ಮನೆಮಗಳು

ಬಾವಿಯಿಂದ ರಸ್ತೆಗೆ ಹೋಗುವ ದಾರಿ ಅಂದಿರಲ್ಲ. ಹೆಂಗಸರು ಸೆರಗಿನ ತುದಿಗೆ ಕಾಸು ಗಂಟು ಹಾಕಿಕೊಂಡು ಸಂತೆಗೆ ಹೋಗುತ್ತಿದ್ದರು, ಗಂಡಸರು ಎಲೆಅಡಿಕೆ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದರು. ಮೂರೂ ದೂರ ದೂರ ಸಿಕ್ಕಿವೆ, ಕಾಲವೂ ಬೇರೆ ಬೇರೆ. ಹೂತಿಟ್ಟ ಗಂಟಲ್ಲ, ಬೇರೆ ಬೇರೆ ಜನ ಕಳೆದುಕೊಂಡದ್ದು. ಆಗ ಒಂದು ರೂಪಾಯಿ ಕಳೆದರೆ ಆ ಮನೆಯಲ್ಲಿ ಆ ವಾರ ಏನಾಗಿರಬೇಕು! ದಾರಿಯುದ್ದಕ್ಕೂ ಎಷ್ಟು ಸಲ ಹಿಂದೆ ಮುಂದೆ ಹುಡುಕಿರುತ್ತಾರೋ.

ಹೊಸ ಕೈ

ಕಪ್ಪಾಗಿರುವುದನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದಾ? ಅಮ್ಮ ದೀಪಕ್ಕೆ ಹಾಗೇ ಮಾಡುತ್ತಾರೆ.

ಚಿಕ್ಕಪೇಟೆ ಮನೆಮಗಳು

ದೀಪಕ್ಕೆ ಸರಿ, ನಾಣ್ಯಕ್ಕೆ ಬೇಡ. ಹುಣಸೆಹಣ್ಣು, ವಿಭೂತಿ, ಟೂತ್‌ಪೇಸ್ಟ್ ಯಾವುದೂ ಬೇಡ. ಮಣ್ಣಿನ ಉಪ್ಪು, ಗಂಧಕದ ಜೊತೆ ಸೇರಿ ಬೆಳ್ಳಿಯ ಮೇಲೆ ಕಪ್ಪು ಪದರ ಕಟ್ಟಿರುತ್ತದೆ. ಎಷ್ಟೋ ಸಲ ಉಳಿದ ಅಕ್ಷರ ಇರುವುದು ಆ ಪದರದಲ್ಲೇ. ತಿಕ್ಕಿದರೆ ಹೊಳೆಯುವ ಬಿಲ್ಲೆ ಉಳಿಯುತ್ತದೆ, ಅಕ್ಷರ ಹೋಗುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಿನಲ್ಲಿ ಕೆಲವು ದಿನ ನೆನೆಸಿ, ದಿನಾ ನೀರು ಬದಲಿಸಿ. ಮೆತ್ತಗಾದ ಮಣ್ಣನ್ನು ಬಿದಿರು ಕಡ್ಡಿಯಲ್ಲಿ ತೆಗೆಯಿರಿ. ಹತ್ತಿ ಬಟ್ಟೆಯ ಮೇಲಿಟ್ಟು ಒಣಗಿಸಿ, ಒರೆಸಬೇಡಿ. ಒಂದೊಂದನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಇಡಿ. ಮೆತ್ತನೆ ಪಿವಿಸಿ ಕವರ್ ಬೇಡ, ಅದರ ರಾಸಾಯನಿಕ ನಾಣ್ಯಕ್ಕೆ ಹಸಿರು ಅಂಟು ಹಿಡಿಸುತ್ತದೆ.

ತಾವರೆಕೆರೆ ಹೊಲ

ಎಲ್ಲರಿಗೂ ತುಂಬಾ ಧನ್ಯವಾದ. ಮನೆಯಲ್ಲಿ ಮಾತಾಡಿದೆವು. ಜಮೀನಿಗೆ ಚಿಕ್ಕಪ್ಪನೂ ಪಾಲುದಾರರು, ಅವರೂ ಒಪ್ಪಿದರು. ಮೂರನ್ನೂ ಸೇರಿಸಿ ಜಿಲ್ಲಾಧಿಕಾರಿಗೆ ಪತ್ರ ಕೊಡುತ್ತೇವೆ. ಪತ್ರದಲ್ಲಿ ಏನೇನು ಇರಬೇಕು?

ಬೇಗೂರು ಕಲ್ಲು

ಬಹಳ ಒಳ್ಳೆಯ ತೀರ್ಮಾನ. 1878ರ ಕಾಯಿದೆ ಕೇಳುವುದು ಮೂರು ವಿಷಯ. ಸಿಕ್ಕಿದ್ದು ಏನು ಮತ್ತು ಅಂದಾಜು ಬೆಲೆ, ಎಲ್ಲಿ ಸಿಕ್ಕಿತು, ಯಾವ ದಿನ ಸಿಕ್ಕಿತು. ರಾಜ್ಯದ ಕಾಯಿದೆಯ ಪ್ರಕಾರ ಬೇರೆ ಏನಾದರೂ ಬೇಕಾ ಅಂತ ಕಚೇರಿಯಲ್ಲೇ ಕೇಳಿ. ಪ್ರತಿಯ ಮೇಲೆ ದಿನಾಂಕದ ಸಮೇತ ಸೀಲ್ ಹಾಕಿಸಿಕೊಳ್ಳದೆ ಬರಬೇಡಿ. ಇನ್ನೊಂದು ಪ್ರತಿಯನ್ನು ರಾಜ್ಯ ಪುರಾತತ್ವ ಇಲಾಖೆಗೂ ಕಳಿಸಿ.

ಜಾಗ ಅಂದರೆ ತಾವರೆಕೆರೆ ಹತ್ತಿರ ಅಂತಷ್ಟೇ ಬರೆಯಬೇಡಿ. ಸರ್ವೆ ನಂಬರ್, ಫೋನಿನಲ್ಲಿ ಸಿಗುವ ಅಕ್ಷಾಂಶ ರೇಖಾಂಶ, ಬಾವಿಯಿಂದ ಯಾವ ದಿಕ್ಕಿಗೆ ಎಷ್ಟು ಮೀಟರ್, ಎಷ್ಟು ಆಳ, ಇವನ್ನು ಒಂದೊಂದು ನಾಣ್ಯಕ್ಕೂ ಬೇರೆ ಬೇರೆ ಬರೆಯಿರಿ. ತೂಕ, ಅಗಲ, ಎರಡೂ ಮುಖದ ಫೋಟೊ ಜೊತೆಗಿರಲಿ. ಫೋಟೊದಲ್ಲಿ ಪಕ್ಕಕ್ಕೆ ಒಂದು ಸ್ಕೇಲ್ ಇಟ್ಟುಕೊಳ್ಳಿ. ಆ ಕಾಲುದಾರಿಯ ಹೆಸರು, ಅದು ಯಾವ ಊರಿನ ಸಂತೆಗೆ ಹೋಗುತ್ತಿತ್ತು ಅನ್ನುವುದು ಊರಿನ ಹಿರಿಯರಿಗೆ ನೆನಪಿದ್ದರೆ ಅದನ್ನೂ ಕೇಳಿ ಸೇರಿಸಿ. ದಾರಿ ಇನ್ನೂ ಉಳಿದಿದೆ ಅಂದಿರಿ. ಲೇಔಟ್ ಬರುವ ಮೊದಲೇ ಅದರದ್ದೂ ಒಂದು ಫೋಟೊ ತೆಗೆದುಕೊಳ್ಳಿ.